ಟಾಕಿನೊಳಗಿನ ಪದ್ಮವ್ವ

ಯಮಕನಮರಡಿಯಲ್ಲಿ ನಾನು ಬಾಡಿಗೆಗಿರುವ ಮನೆಗೂ ದುಂಡಪ್ಪನವರ ಮನೆಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಅವರ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತೆಂದರೆ ನನ್ನ ಹುಕ್ಕೇರಿ ಬಸ್ಸಿನ ಹೊತ್ತಾಯಿತೆಂದೇ ಅರ್ಥ. ಅಲ್ಲಿಯ ಕಾಲೇಜಿನಲ್ಲಿ ನಾನು ಮನಃಶಾಸ್ತ್ರ ಕಲಿಸುತ್ತೇನೆ. ಆ ಮನೆಯ ಯಜಮಾನಿ ಕಾಶೆವ್ವ ಹಿತ್ತಲ ಗೋಡೆಯ ಮೇಲಿಂದ ಒಂದು ಬಿಸಿ ರೊಟ್ಟಿ ಚಾಚಿ, "ಹಸಕೊಂಡ ಹೋಗಿ ಹುಡುಗೂರ ಮ್ಯಾಲ ಸಿಟ್ಟ ಮಾಡಬ್ಯಾಡ್ರಿ ಅಕ್ಕೋರ" ಎಂದು ನಗುವುದು ರೂಢಿ.

ಆದರೆ ಮೊದಲ ರೊಟ್ಟಿಯ ಮೊದಲ ಚೂರು ನನಗಲ್ಲ, ಮನೆಯವರಿಗೂ ಅಲ್ಲ. ಅದನ್ನು ಕಾಶೆವ್ವ ತನ್ನ ಕೊರಳಲ್ಲಿದ್ದ ಬೆಳ್ಳಿಯ ಪುಟ್ಟ ಟಾಕಿಗೆ ಮುಟ್ಟಿಸುತ್ತಿದ್ದಳು. ಆ ಬಿಲ್ಲೆಯಲ್ಲಿ ಮೂಡಿದ್ದ ಹೆಣ್ಣು ಅವಳ ಅಕ್ಕ ಪದ್ಮವ್ವ, ದುಂಡಪ್ಪನವರ ಮೊದಲ ಹೆಂಡತಿ. ಮಗ ಈಶ್ವರನನ್ನು ಹೆತ್ತ ಕೆಲವೇ ದಿನಗಳಲ್ಲಿ ಅವಳು ತೀರಿಕೊಂಡಾಗ, ಹಾಲುಗೂಸಿಗೆ ದಿಕ್ಕಾಗಲೆಂದು ತಂಗಿಯನ್ನೇ ಆ ಮನೆಗೆ ಕೊಟ್ಟರು. ಎರಡನೆಯವಳು ಸತ್ತವಳನ್ನು ಕೊರಳಿಗೆ ಕಟ್ಟಿಕೊಳ್ಳಬೇಕು; ಹೊಸ ಸೀರೆ, ಹಬ್ಬದ ಹೋಳಿಗೆ, ಎಲ್ಲವೂ ಮೊದಲು ಅವಳಿಗೆ. ಇಲ್ಲವಾದರೆ ಬಂದು ಕಾಡುತ್ತಾಳೆ. ಎದೆಯ ಮೇಲೆ ಇಷ್ಟಲಿಂಗ, ಅದರ ಬಗಲಿಗೇ ಭಯದ ಬಿಲ್ಲೆ! ಲಿಂಗಕ್ಕಿಂತ ಬಿಲ್ಲೆಯ ಆಳ್ವಿಕೆಯೇ ಹೆಚ್ಚಾಗಿತ್ತೆಂದು ನಾನು ಹೇಳಿದರೆ ದುಂಡಪ್ಪನವರಿಗೆ ಇಂದಿಗೂ ಸಿಟ್ಟು ಬರುತ್ತದೆ. ಬರಲಿ.

ಈಶ್ವರನಿಗೆ ಮೂಡಲಗಿಯಿಂದ ಕಾಶೆವ್ವನ ಅಣ್ಣನ ಮಗಳು ರಾಜೇಶ್ವರಿಯನ್ನೇ ತಂದರು. ತಾಯಿಯಿಲ್ಲದ ಹುಡುಗಿ, ಸೋದರತ್ತೆಯ ಮನೆಯೇ ತವರೂ ಆಗಿ ಬಾಣಂತನ ಇಲ್ಲೇ ಆಯಿತು. ಹೆಣ್ಣುಮಗು. ಹಡೆದ ಮರುದಿನದಿಂದಲೇ ರಾಜೇಶ್ವರಿಯ ನಿದ್ದೆ ಹಾರಿಹೋಯಿತು. ಮೊದಲು ಮಾತು ಹೆಚ್ಚಾಯಿತು. ಆಮೇಲೆ ಯಾರೋ ಕರೆದಂತೆ ತಿರುಗಿ ನೋಡತೊಡಗಿದಳು. ಹಾಲಿನಲ್ಲಿ ವಿಷ ಬೆರೆಸಿದ್ದಾರೆಂದು ಬಟ್ಟಲು ಚೆಲ್ಲಿದಳು. ಹಸಿ ಬಾಣಂತಿ, ಸರಿಹೋಗುತ್ತಾಳೆ ಎಂದರು ಎಲ್ಲರೂ.

ತೊಟ್ಟಿಲ ದಿನ ಮನೆ ತುಂಬ ನೆಂಟರು. ಹೆಂಗಸರು ಜೋಗುಳ ಎತ್ತಿದ್ದರು. ರಾಜೇಶ್ವರಿ ಗಕ್ಕನೆ ಎದ್ದು ತೊಟ್ಟಿಲ ಹಗ್ಗ ಹಿಡಿದು ನಿಂತಳು.

"ಯಾರೂ ಮುಟ್ಟಬ್ಯಾಡ್ರಿ. ಕೂಸ ನಂದು. ನಾ ಪದ್ಮವ್ವ ಅದೇನಿ."

ದನಿಯೂ ಅವಳದಾಗಿರಲಿಲ್ಲ. ಪದ್ಮವ್ವನನ್ನು ಕಂಡಿದ್ದ ಮುದುಕಿ ಉದ್ದವ್ವ, "ಅಕಿದ ದನಿ, ಅಕಿದ ನಿಲುವು" ಎಂದು ನಡುಗಿದಳು. ಮಾವ ದುಂಡಪ್ಪ ಸೊಸೆಗೆ ಕೈಮುಗಿದು ನಿಂತುಬಿಟ್ಟರು. ನೆಂಟರು ಅರ್ಧ ಉಂಡ ಎಲೆ ಬಿಟ್ಟು ಎದ್ದರು. ಸಂಜೆಯೊಳಗೆ ಮಗುವನ್ನು ತಾಯಿಯಿಂದ ಬೇರೆ ಮಾಡಿ, ತಾಯಿಯನ್ನು ಕಾಳಿನ ಕೋಣೆಯಲ್ಲಿ ಕೂಡಿಹಾಕಿದರು. ಅಮಾವಾಸ್ಯೆಗೆ ದೆವ್ವ ಬಿಡಿಸುವ ಗುಡ್ಡಪ್ಪನಿಗೆ ಹೇಳಿಕಳಿಸಿದ್ದೂ ಆಯಿತು.

ನಾನು ಸುಮ್ಮನಿರಲಾರದೆ ದುಂಡಪ್ಪನವರ ಬಳಿ ಹೋದೆ. "ಕಾಕಾ, ಇದು ಜಡ್ಡು ರಿ. ದವಾಖಾನಿಗಿ ತಡಾ ಮಾಡಬ್ಯಾಡ್ರಿ. ತಾಯಿ ಜೀವಕ್ಕೂ, ಕೂಸಿನ ಜೀವಕ್ಕೂ ಧೋಕಾ ಐತಿ."

"ಜಡ್ಡ ಅಂದ್ರ ಜ್ವರ ಬರಬೇಕು, ಹೊಟ್ಟಿ ನೋಯಬೇಕು. ಹೆಸರ ಹೇಳು ಜಡ್ಡ ಎಲ್ಲೆರ ಐತೇನ್ರಿ? ನಿಮ್ಮ ಪುಸ್ತಕದಾಗ ನಮ್ಮ ಪದ್ಮಿ ಅದಾಳೇನು?"

"ಮನಸಿನ ಜಡ್ಡು ಒಂದ ನಮೂನಿ ಇಲ್ರಿ ಕಾಕಾ. ಸುಮ್ಮಸುಮ್ಮನ ಎದಿ ಡವಡವ ಅಂತ ಅಂಜೂದು ಒಂದು. ಏನೂ ಬ್ಯಾಡ ಅನಿಸಿ ಮೂಲಿ ಹಿಡಿಯೂದು ಇನ್ನೊಂದು. ತೊಳದ ಕೈ ಮತ್ತ ಮತ್ತ ತೊಳಿಯಾವ್ರು ಅದಾರ. ಇಲ್ಲದ ದನಿ ಕೇಳಿ, ಇಲ್ಲದ್ದ ಖರೆ ಅನಿಸೂದು ಬ್ಯಾರೇನ. ರಾಜೀಗಿ ಬಂದದ್ದು ಅದು. ಹಡದ ಮೈಯಾಗ ಏರುಪೇರ ಆಗತೈತಿ, ನಿದ್ದಿ ಕೆಡತೈತಿ, ರಕ್ತದಾಗಿಂದೂ ಬರತೈತಿ. ಒಂದ ಕಾರಣಲೇ ಬರಾಂಗಿಲ್ಲ."

"ಹಂಗಾರ ಪದ್ಮವ್ವನ ಹೆಸರ ಯಾಕ ಬಂತು?"

"ಜಡ್ಡು ದನಿ ಕೊಡತೈತಿ. ಹೆಸರ ಕೊಟ್ಟಾವ್ರು ನೀವು. ಮುಂಜಾನೆದ್ದ ಮೊದಲನೇ ರೊಟ್ಟಿ ಯಾರಿಗಿ, ಈ ಮನ್ಯಾಗ ಎಲ್ಲಾರೂ ಅಂಜೂದು ಯಾರಿಗಿ, ಅಕಿಗಿ ಗೊತ್ತಿಲ್ಲೇನು?"

ದುಂಡಪ್ಪ ಮುಖ ತಿರುಗಿಸಿದರು. ಈಶ್ವರನ ಕಡೆ ನೋಡಿದೆ. ಅವನು ತಲೆ ತಗ್ಗಿಸಿದ. ಹುಟ್ಟಿದಾಗಿನಿಂದ ಯಾವ ಹೆಸರಿಗೆ ಹೆದರಿದ್ದನೋ ಅದೇ ಹೆಂಡತಿಯ ಬಾಯಲ್ಲಿ ಬಂದಿತ್ತು. ಪಾಪ, ಅವನಾದರೂ ಏನು ಮಾಡಿಯಾನು.

ಗೋಡೆಯಾಚೆ ರಾಜೇಶ್ವರಿ ಮಾತಾಡುವುದು ನನಗೆ ಕೇಳುತ್ತಿತ್ತು. ಪದ್ಮವ್ವನಾಗಿ ಕೇಳುತ್ತಾಳೆ, ರಾಜೇಶ್ವರಿಯಾಗಿ ಉತ್ತರ ಕೊಡುತ್ತಾಳೆ. ಒಬ್ಬಳಿಗೆ ಸಿಟ್ಟು, ಇನ್ನೊಬ್ಬಳಿಗೆ ಅಳು. ವರ್ಷವರ್ಷವೂ ಹಲಗೆಯ ಮೇಲೆ ರೋಗಗಳ ವಿಂಗಡಣೆ ಬರೆದು ಅಳಿಸಿದವಳು ನಾನು. ಆ ಗೋಡೆಗೆ ಕಿವಿಯಿಟ್ಟಾಗ ಮೈ ಜುಮ್ಮೆಂದಿತು. ಕಣ್ಣಿಗೆ ಕಾಣದ ಈ ಮನಸ್ಸು ತಾನೆಂದೂ ಕಾಣದ ಹೆಂಗಸೊಬ್ಬಳನ್ನು ಕೇಳಿದ ಮಾತುಗಳಿಂದಲೇ ಕಟ್ಟಿ, ಉಸಿರು ತುಂಬಿ, ಕೋಣೆಯಲ್ಲಿ ನಿಲ್ಲಿಸಿತ್ತಲ್ಲ! ಯಾವ ದೆವ್ವಕ್ಕೆ ಈ ಶಕ್ತಿಯಿದೆ? ನನಗೆ ಹೆದರಿಕೆಯಾಯಿತು, ಕೈಮುಗಿಯಬೇಕೆಂದೂ ಅನಿಸಿತು.

ಅಮಾವಾಸ್ಯೆಯ ದಿನ ಕಾಲೇಜಿಗೆ ರಜೆ ಹಾಕಿ ಅವರ ಪಡಸಾಲೆಯಲ್ಲೇ ಕುಳಿತೆ. ಮಧ್ಯಾಹ್ನ ಗುಡ್ಡಪ್ಪ ಬಂದ. ರಾಜೇಶ್ವರಿಯ ಜಡೆಯನ್ನು ಕಂಬಕ್ಕೆ ಕಟ್ಟಿಸಿದ. ಅಗ್ಗಿಷ್ಟಿಕೆಯ ಕೆಂಡದ ಮೇಲೆ ಮೆಣಸಿನಕಾಯಿ ಸುರಿಯಲು ಬೊಗಸೆಯೆತ್ತಿದ. ತಡೆಯಲು ಹೋದ ನನ್ನನ್ನು ನೆಂಟರ ಹೆಂಗಸರು ರಟ್ಟೆ ಹಿಡಿದು ಕೂರಿಸಿದರು.

"ಹೇಳ, ಏನ ಬೇಕ ನಿನಗ?" ಎಂದು ಗುಡ್ಡಪ್ಪ ಗದರಿದ.

ರಾಜೇಶ್ವರಿ ಮೆಲ್ಲಗೆ ಅಂದಳು: "ಕೂಸಿನ ತೋರಸ್ರಿ. ಒಮ್ಮಿ ತೋರಸ್ರಿ."

ಒಳಗೆ ಮಗುವನ್ನೆತ್ತಿಕೊಂಡು ನಿಂತಿದ್ದ ಕಾಶೆವ್ವ ಹೊರಗೆ ಬಂದಳು. ಬಂದವಳೇ ಕಾಲಿನಿಂದ ಅಗ್ಗಿಷ್ಟಿಕೆ ಒದ್ದಳು. ಕೆಂಡ ಅಂಗಳಕ್ಕೆ ಚೆಲ್ಲಿತು.

"ಹುಚ್ಚ ಹಿಡದೈತೇನ ನಿನಗ?" ದುಂಡಪ್ಪ ಕೂಗಿದರು.

"ಇಷ್ಟ ದಿನ ಹಿಡದಿತ್ತು, ಈಗ ಬಿಡ್ತು. ಇದ ಕಂಬಕ್ಕ ನಮ್ಮಕ್ಕನ್ನ ಕಟ್ಟಿದಾಗ, ಅಕಿ ಬಾಣಂತನಕ್ಕ ಬಂದಿದ್ದ ನಾ ಬಾಗಲದಾಗ ನಿಂತಿದ್ನಿ. ಇದ ಮಾತ ಅಂದಳಲ್ರಿ ಅಕಿನೂ, ಕೂಸಿನ ತೋರಸ್ರಿ ಅಂತ? ಯಾರರ ತೋರಿಸಿದ್ರೇನು? ಹೊಗಿ ಕುಡದು ಕುಡದು ಉಸರ ಸಿಕ್ಕೊಂಡ ಸತ್ತಳು. ಅಕಿ ಮೈಯಾಗ ಸತ್ತ ನಿಮ್ಮ ಸೋದರತ್ತಿ ಬಂದಾಳ ಅಂದ್ರಿ ಆವತ್ತ. ಇವತ್ತ ಇಕಿ ಮೈಯಾಗ ಅಕ್ಕ ಬಂದಾಳ ಅಂತೀರಿ. ನಾಳೆ ರಾಜಿ ಸತ್ತರ ಯಾರ ಮೈಯಾಗ ಬರಬೇಕ್ರಿ? ಈ ಕೂಸಿನ ಮೈಯಾಗೇನು?"

ಗುಡ್ಡಪ್ಪ ಚೀಲ ಬಗಲಿಗೇರಿಸಿದ. ಈಶ್ವರ ಕಂಬದ ಬಳಿ ಹೋಗಿ ಹೆಂಡತಿಯ ಜಡೆ ಬಿಚ್ಚತೊಡಗಿದ. ಕಾಶೆವ್ವ ಮಗುವನ್ನು ತನ್ನ ಕೈಯಲ್ಲೇ ಹಿಡಿದು ತಾಯಿಯ ಮುಖದ ಹತ್ತಿರ ತಂದು ತೋರಿಸಿದಳು.

ಸಂಜೆಗೆ ನಾವು ಘಟಪ್ರಭಾದ ದವಾಖಾನೆಯಲ್ಲಿದ್ದೆವು. ಮನೋರೋಗದ ಡಾಕ್ಟರು, ವಯಸ್ಸಾದ ಹೆಣ್ಣುಮಗಳು, ಎಲ್ಲ ಕೇಳಿಕೊಂಡು ರಾಜೇಶ್ವರಿಯನ್ನು ಅಲ್ಲೇ ಇಟ್ಟುಕೊಂಡರು. ನಿದ್ದೆಗೂ ಭ್ರಮೆಗೂ ಔಷಧ ಶುರುವಾಯಿತು.

"ನಿಮ್ಮ ವಂಶದಾಗ ಹಡದಾಗ ಹಿಂಗ ಯಾರಿಗರ ಆಗಿತ್ತೇನ್ರಿ?" ಎಂದು ಡಾಕ್ಟರು ಕೇಳಿದರು.

"ಇಕಿ ಸೋದರತ್ತಿಗಿ ಆಗಿತ್ರಿ. ನಮ್ಮಕ್ಕಗ" ಎಂದಳು ಕಾಶೆವ್ವ. ಆಮೇಲೆ ತಾನೇ ಕೇಳಿದಳು: "ದವಾಖಾನಿಗಿ ತಂದಿದ್ರ ಅಕಿಗಿ ಆರಾಮ ಆಗತಿತ್ತೇನ್ರಿ?"

"ಬಹುತೇಕ ಆಗತಿತ್ರಿ. ಬಹಳ ಮಂದಿ ಒಂದೆರಡ ತಿಂಗಳದಾಗ ಸುಧಾರಿಸತಾರ."

ಕಾಶೆವ್ವ ಅಳಲಿಲ್ಲ. ಸೆರಗಿನೊಳಗಿನ ಟಾಕನ್ನು ಮುಷ್ಟಿಯಲ್ಲಿ ಹಿಡಿದು ಬೆಂಚಿನ ಮೇಲೆ ಕುಳಿತೇ ಇದ್ದಳು. ಅವಳ ಕೊರಳಲ್ಲಿ ಇಡೀ ಆಯುಷ್ಯ ತೂಗಿದ ಭಯಕ್ಕೆ ಮದ್ದಿತ್ತು, ಅದೂ ಬಸ್ಸು ಹತ್ತಿದರೆ ಸಿಗುವಷ್ಟು ಹತ್ತಿರ! ಓದುವವರೇ, ನಿಮ್ಮ ಮನೆಯ ಬಾಣಂತಿ ನಿದ್ದೆಗೆಟ್ಟು ಇಲ್ಲದ ದನಿಗೆ ಉತ್ತರಿಸಿದರೆ ದಯವಿಟ್ಟು ಅಮಾವಾಸ್ಯೆಗೆ ಕಾಯಬೇಡಿ.

ನಿಧಾನವಾಗಿ ರಾಜೇಶ್ವರಿ ಮರಳಿದಳು. ಅದನ್ನು ಕಂಡದ್ದು ನನ್ನ ಭಾಗ್ಯ. ಮೊದಲು ನಿದ್ದೆ ಬಂತು, ಆಮೇಲೆ ಹಸಿವು. ಒಂದು ಮುಂಜಾನೆ ಮಗುವಿನ ಅಂಗಾಲು ಸವರಿ, "ಅತ್ತಿ, ಇಕಿ ಉಗುರ ಬೆಳದಾವ ನೋಡ್ರಿ" ಎಂದಳು. ಅಷ್ಟು ಸಾಧಾರಣ ಮಾತು ಕೇಳಿ ನನ್ನ ಕಣ್ಣು ತುಂಬಿದವು. ಮುರಿದಂತಿದ್ದ ಮನಸ್ಸು ಒಳಗೊಳಗೇ ತನ್ನ ದಾರಿ ಹುಡುಕಿಕೊಂಡು ಮನೆಗೆ ಬಂದಿತ್ತು.

ತೊಟ್ಟಿಲನ್ನು ಮತ್ತೆ ಕಟ್ಟಿದ ದಿನ ಕಾಶೆವ್ವ ಮೊದಲ ಹೋಳಿಗೆಯನ್ನು ರಾಜೇಶ್ವರಿಯ ತಟ್ಟೆಗೆ ಹಾಕಿದಳು. ಕಾಶೆವ್ವ ಟಾಕು ಬಿಚ್ಚಿ ಈಶ್ವರನ ಅಂಗೈಯಲ್ಲಿಟ್ಟಳು. ಅವನು ಬೆಚ್ಚಿ ಕೈ ಹಿಂದೆಳೆದ.

"ಅಂಜಬ್ಯಾಡೋ. ದೆವ್ವ ಅಲ್ಲ, ನಿಮ್ಮವ್ವ ಅಕಿ."

ಈಶ್ವರ ಬಿಲ್ಲೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಸವೆದ ಬೆಳ್ಳಿಯಲ್ಲಿ ಕಣ್ಣು ಮೂಗು ಒಂದೂ ಉಳಿದಿರಲಿಲ್ಲ.

"ಹ್ಯಾಂಗಿದ್ದಳು ಅಕಿ?" ಎಂದು ಕೇಳಿದ.

ಆ ಮನೆಯಲ್ಲಿ ಈ ಪ್ರಶ್ನೆ ಅದುವರೆಗೆ ಯಾರೂ ಕೇಳಿರಲಿಲ್ಲ. ಕಾಶೆವ್ವ ಮಗನ ಪಕ್ಕ ಕುಳಿತಳು.

"ಭಾಳ ನಗತಿದ್ದಳಪಾ" ಎಂದು ಹೇಳತೊಡಗಿದಳು.