ತೊಳೆದ ಹೆಂಟೆ

ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಆ ಶನಿವಾರ ಬಿಟ್ಟು ಬಿಟ್ಟು ಮಳೆ. ಬೆಳಿಗ್ಗೆ ಥರ್ಟಲ್ ಅವರ ಗೋಧಿ ಕೊಯ್ದ ಹೊಲ, ಮಧ್ಯಾಹ್ನ ಬೇಲಿಯಾಚೆ ಮಿಸೆಸ್ ಗೂಚ್ ಅವರ ಹೊಲ. ಡೆಸ್ಮಂಡ್ ಮಾವ ಮತ್ತು ನಾನು ಲೋಹ ಹುಡುಕುವ ಡಿಟೆಕ್ಟರ್ ಬೀಸುತ್ತ ನಡೆದೆವು. ನಾನು ಮೂವತ್ತು ಗುಂಡಿ ತೋಡಿ ಮುಚ್ಚಿರಬೇಕು. ಸಿಕ್ಕಿದ್ದು ಬಹುಪಾಲು ಬಾಟಲಿ ಮುಚ್ಚಳ. ಒಂದು ಗುಂಡಿಯಲ್ಲಿ ಮಾತ್ರ ಡಿಟೆಕ್ಟರ್ ಒಂದು ಮಣ್ಣಿನ ಹೆಂಟೆಗೆ ಸದ್ದು ಮಾಡಿತು. ಮಳೆಯಲ್ಲಿ ಒಡೆಯುವುದು ಬೇಡವೆಂದು ಹಾಗೇ ಜೇಬಿಗೆ ಹಾಕಿದೆ.

ಮನೆಯಲ್ಲಿ ನಲ್ಲಿಯ ಕೆಳಗೆ ಹಿಡಿದಾಗ ಉಗುರಿನಷ್ಟು ಬೆಳ್ಳಿ ನಾಣ್ಯ ಹೊರಬಂತು. ಮುಂದೆ ಸವೆದ ರಾಜನ ಮುಖ, ಹಿಂದೆ ಶಿಲುಬೆ. ಎರಡು ವರ್ಷದಲ್ಲಿ ನನ್ನ ಮೊದಲ ಬೆಳ್ಳಿ.

"ಯಾವ ಹೊಲದ್ದು?" ಮಾವ ಕೇಳಿದರು.

"ನೆನಪಾಗ್ತಿಲ್ಲ."

"ಮಣ್ಣು ನೋಡು. ಥರ್ಟಲ್‌ನದು ಜೇಡಿ, ಆ ಗೂಚಮ್ಮಂದು ಮರಳು."

ನಾನು ಸಿಂಕಿನ ಕಡೆ ನೋಡಿದೆ.

"ತೊಳೆದ್ಬಿಟ್ಯಾ? ಡಿಗ್ರಿ ಬೇರೆ ಮಾಡಿದೀಯ."

ಸಿಕ್ಕಿದ್ದನ್ನು ಹೊಲದವರಿಗೆ ತೋರಿಸಬೇಕು, ಅರ್ಧ ಪಾಲು ಅವರದು. ಆ ಮಾತಿನ ಮೇಲೆಯೇ ನಮ್ಮನ್ನು ಒಳಗೆ ಬಿಡುವುದು. ತಪ್ಪು ಮನೆಗೆ ಕೊಟ್ಟರೆ ಇನ್ನೊಂದು ಗೇಟು ನಮಗೆ ಮುಚ್ಚಿದಂತೆಯೇ. ಸಿಕ್ಕ ಹಳೆಯ ವಸ್ತುಗಳನ್ನು ಬರೆದಿಡುವ ದಾಖಲೆ ಅಧಿಕಾರಿಗೂ ಜಾಗ ಹೇಳಬೇಕು. ಜಾಗ ತಿಳಿಯದ ನಾಣ್ಯ ಬರೀ ಬೆಳ್ಳಿಚೂರು.

ಹೊಲದವರಿಬ್ಬರೂ ತಮ್ಮದೆಂದು ಜಗಳಾಡುತ್ತಾರೆ ಎಂದುಕೊಂಡು, ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ.

ಥರ್ಟಲ್ ಟ್ರ್ಯಾಕ್ಟರಿನ ಮೆಟ್ಟಿಲ ಮೇಲೆ ಚೀಸ್ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. "ನಂದಲ್ಲ ಕಣಮ್ಮ. ಕಾಗದದಲ್ಲಿ ನನ್ನ ಹೊಲದ ಹೆಸರು ಬಂತೋ, ಕಳ್ಳರು ಡಿಟೆಕ್ಟರ್ ಹಿಡ್ಕೊಂಡು ನುಗ್ತಾರೆ. ಮುಂದೆ ಬಿತ್ತಿದ್ದೆಲ್ಲ ತುಳೀತಾರೆ. ಆಯಮ್ಮಂಗೇ ಕೊಡು."

ಮಿಸೆಸ್ ಗೂಚ್ ಟೀ ಕೊಟ್ಟರು. "ನಂಗ್ಯಾಕಮ್ಮ ಅದು? ನಾನು ಬೇಲಿ ಗಿಡ ಕತ್ತರಿಸಿದ್ದಕ್ಕೇ ಅವನು ಒಂದು ವರ್ಷದಿಂದ ಮಾತು ಬಿಟ್ಟಿದಾನೆ. ಬೆಳ್ಳಿ ನನ್ನ ಕಡೆ ಸಿಕ್ತು ಅಂದ್ರೆ ಇನ್ನೂ ಉರ್ಕೋತಾನೆ. ಅವನದೇ ಅಂತ ಹೇಳ್ಬಿಡು."

ಬಾಯಿಪಾಠ ಮಾಡಿದ್ದು ಯಾವುದೂ ಉಪಯೋಗಕ್ಕೆ ಬರಲಿಲ್ಲ. ಸಕ್ಕರೆ ಹಾಕಿಕೊಳ್ಳುವುದನ್ನೂ ಮರೆತು ಟೀ ಕುಡಿದೆ.

"ಯಾವುದೋ ಒಂದು ಹೊಲ ಬರಿ. ಆ ಅಧಿಕಾರಿ ಬಂದು ಅಗೆದು ನೋಡ್ತಾನಾ?" ಎಂದರು ಮಾವ, ನಾನು ಮನೆಗೆ ಬಂದು ಹೇಳಿದಾಗ.

"ಯಾವುದು ಬರೀಲಿ?"

"ಯಾರ ಮನೆ ಟೀ ಚೆನ್ನಾಗಿತ್ತೋ ಅವರದು."

ಅಧಿಕಾರಿಗೆ ಕಳಿಸುವ ಫಾರಂನಲ್ಲಿ, ಸಿಕ್ಕ ಜಾಗದ ಮುಂದೆ ಥರ್ಟಲ್ ಎಂದು ಬರೆದೆ, ಹೊಡೆದು ಹಾಕಿದೆ. ಗೂಚ್ ಎಂದು ಬರೆದೆ, ಅದನ್ನೂ ಹೊಡೆದೆ. ಬೆರಳಿಗೆ ಅಂಟಿದ ಮಣ್ಣು ಹೇಗಿತ್ತೆಂದು ಕಣ್ಣು ಮುಚ್ಚಿ ನೆನೆದರೆ ನಲ್ಲಿಯ ನೀರಷ್ಟೇ ನೆನಪಿಗೆ ಬಂತು. ಕೊನೆಗೆ ಬರೆದೆ: "ಬೇಲಿಯ ಎರಡು ಕಡೆಗಳಲ್ಲಿ ಒಂದು. ಯಾವುದೆಂದು ತಿಳಿಯದು. ಮಣ್ಣನ್ನು ನಾನೇ ತೊಳೆದುಬಿಟ್ಟೆ."

ಮಾವ ಓದಿ ಕನ್ನಡಕ ತೆಗೆದರು. "ಇದನ್ನ ಕಳಿಸ್ತೀಯಾ?"

"ಹೂಂ."

"ಹಾಗಾದ್ರೆ ನಾಣ್ಯ ಈಗ ಯಾರದು?"

"ಅದೂ ಗೊತ್ತಿಲ್ಲ," ಎಂದು ಕೆಳಗೆ ಸಹಿ ಹಾಕಿದೆ.