ಎರಡು ಬಣ್ಣದ ಸೋಪು

ಅಚ್ಚಿನ ಮೇಸ್ತ್ರಿ ಒದ್ದೆ ಸೋಪನ್ನು ಬಚ್ಚಲ ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದ. ಹೆಸರಿಲ್ಲದ ಹಿಂಬದಿಯ ತಗ್ಗಿನಲ್ಲಿ ಕೂದಲೆಳೆಯಷ್ಟು ಒಂದು ಉಬ್ಬುಗೆರೆ. ಹೋದ ತಿಂಗಳು ಉಕ್ಕಿನ ಅಚ್ಚು ಕೆತ್ತುವಾಗ ಅವನ ಉಳಿ ಜಾರಿ ಮೂಡಿದ ಗೆರೆ ಅದು. ಅನುಮಾನವೇ ಇಲ್ಲ. ಆದರೆ ಕೈಯಲ್ಲಿದ್ದದ್ದು ಕೆಂಪು ಕಂಪನಿಯ ಸೋಪು, ಇವನು ಇಪ್ಪತ್ತಾರು ವರ್ಷದಿಂದ ದುಡಿಯುತ್ತಿದ್ದದ್ದು ಹಸಿರು ಕಂಪನಿಗೆ.

"ಈ ಕೆಂಪು ದರಿದ್ರ ಮನೆಯೊಳಗೆ ಹೇಗೆ ಬಂತು?"

"ಅಂಗಡೀಲಿ ಹಸಿರು ಇರಲಿಲ್ಲ. ನೊರೆ ಎರಡರದ್ದೂ ಒಂದೇ. ನಿಮ್ಮ ಮುಖಕ್ಕೆ ಇಷ್ಟು ಸಾಲದಾ?" ಎಂದಳು ಹೆಂಡತಿ ಒಳಗಿಂದಲೇ.

ನಿಷ್ಠೆ ಅಂದರೆ ನಿಷ್ಠೆ, ಪಾಪ. ನೆಂಟರ ಮನೆಯಲ್ಲಿ ಕೆಂಪು ಸೋಪು ಕಂಡರೆ ಬರೀ ನೀರಲ್ಲಿ ಕೈ ತೊಳೆದು ಬರುವ ಆಸಾಮಿ ಇವನು. ಹಳೆಯ ಯಜಮಾನರ ಕಾಲದಲ್ಲಿ ಎರಡು ಕಾರ್ಖಾನೆಗಳಿಗೂ ಹಾವು ಮುಂಗುಸಿಯ ಸಂಬಂಧ. ಅವರು ತೂಕ ಹೆಚ್ಚಿಸಿದರೆ ಇವರು ಬೆಲೆ ಇಳಿಸುತ್ತಿದ್ದರು, ಸೋಪು ಇಟ್ಟಿಗೆಯ ಹಾಗೆ ಕೈ ತುಂಬ ಇರುತ್ತಿತ್ತು. ಈಗ ಎರಡರ ಬೆಲೆಯೂ ಒಂದೇ ಬೆಳಿಗ್ಗೆ ಏರುತ್ತದೆ, ಎರಡರ ಹೊಟ್ಟೆಯೂ ವರ್ಷ ವರ್ಷ ಒಳಕ್ಕೆ ಹೋಗಿ ತೂಕ ಇಳಿಯುತ್ತದೆ. ಆ ಹೊಟ್ಟೆಯ ಅಚ್ಚು ಕೆತ್ತುವವನು ಇವನೇ. ಆದರೂ ಕಂಪನಿ ಪೈಪೋಟಿಯಲ್ಲಿ ಜೀವ ತೇಯುತ್ತಿದೆ ಎಂದೇ ನಂಬಿಕೊಂಡಿದ್ದ. ಕಣ್ಣೆದುರಿಗಿದ್ದದ್ದನ್ನು ಕಾಣದಿರುವುದಕ್ಕೂ ಒಂದು ಪ್ರತಿಭೆ ಬೇಕು.

ಆ ನಂಬಿಕೆಯ ಅಮಲಿನಲ್ಲೇ ಹನ್ನೆರಡು ವರ್ಷದ ಹಿಂದೆ ಭಾವನನ್ನು ಹಿಡಿದುಕೊಟ್ಟಿದ್ದ. ಅಕ್ಕನ ಗಂಡ, ಇದೇ ಹಸಿರು ಕಾರ್ಖಾನೆಯಲ್ಲಿ ಇವನಿಗೆ ಉಳಿ ಹಿಡಿಯುವುದನ್ನು ಕಲಿಸಿದ ಮನುಷ್ಯ. ಒಂದು ಸಂಜೆ ಭಾವ ಕಂಕುಳಲ್ಲಿ ಲಕೋಟೆ ಇಟ್ಟುಕೊಂಡು ಕೆಂಪು ಕಾರ್ಖಾನೆಯ ಗೇಟು ದಾಟುವುದನ್ನು ಕಂಡವನೇ ಯಜಮಾನರ ಬಳಿಗೆ ಓಡಿ, ಭಾವ ಅಚ್ಚಿನ ನಕ್ಷೆ ಮಾರುತ್ತಿದ್ದಾನೆ ಎಂದ. ಮಾರನೆಯ ದಿನ ಭಾವನ ಕೆಲಸ ಹೋಯಿತು. ಹಸಿರು ಕಾರ್ಖಾನೆಯ ಗೇಟಿನಲ್ಲಿ ಅವನ ಫೋಟೋ ಅಂಟಿತು, ಕೆಳಗೆ 'ಕಳ್ಳ' ಎಂಬ ಬರಹ. ಅಕ್ಕ ಒಂದೇ ಮಾತು ಹೇಳಿ ಕಳಿಸಿದಳು: "ನನ್ನ ಹೊಸ್ತಿಲು ತುಳೀಬೇಡ."

ಸೋಪನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮೇಸ್ತ್ರಿ ಮ್ಯಾನೇಜರ ಕೋಣೆಗೆ ಹೋದ. ಮ್ಯಾನೇಜರು ಗೆರೆಯನ್ನು ನೋಡುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

"ಎರಡಕ್ಕೂ ಒಂದೇ ಅಚ್ಚು, ಒಂದೇ ಕಡಾಯಿ. ಯಜಮಾನ್ರ ಮಗ ಕೆಂಪು ಕಂಪನೀನೂ ಕೊಂಡುಕೊಂಡು ನಾಲ್ಕು ವರ್ಷ ಆಯ್ತು. ನಿಮಗೆ ಗೊತ್ತಿರಲಿಲ್ವಾ?"

"ಹಾಗಾದ್ರೆ ಪೈಪೋಟಿ, ಸಾರ್?"

ಮ್ಯಾನೇಜರ ತಲೆಯ ಮೇಲೆ 'ಪೈಪೋಟಿಯೇ ನಮ್ಮ ಉಸಿರು' ಎಂಬ ಫಲಕ ತೂಗುತ್ತಿತ್ತು. "ಇದೆಯಲ್ಲ. ಹಸಿರಿನ ಮಾರಾಟದವರನ್ನ ಕೆಂಪಿನವರ ಮೇಲೆ ಬಿಡ್ತೀವಿ, ಸೋತವರನ್ನ ಮನೆಗೆ ಕಳಿಸ್ತೀವಿ. ಗಿರಾಕಿಗೆ ಆರಿಸ್ಕೊಳ್ಳೋಕೆ ಎರಡು ಬಣ್ಣ ಇದೆ. ಇನ್ನೇನು ಬೇಕು ಜನಕ್ಕೆ?" ಎಂದು ನಕ್ಕು ಹೊಸ ನಕ್ಷೆಯೊಂದನ್ನು ಮುಂದೆ ತಳ್ಳಿದರು. "ಸೋಪಿನ ಹೊಟ್ಟೆ ಇನ್ನೊಂದು ಚೂರು ಒಳಗೆ ಹೋಗಲಿ."

"ಆಯ್ತು ಸಾರ್" ಎಂದ ಮೇಸ್ತ್ರಿ. ಭಾವನ ಮೇಲೆ ಚಾಡಿ ಹೇಳಲು ಎದೆಯುಬ್ಬಿಸಿಕೊಂಡು ಹೋಗಿದ್ದ ಶೂರನ ಬಾಯಿಂದ ಅಷ್ಟೇ ಹೊರಟದ್ದು.

ಆದರೆ ಸಂಜೆ ಕೆಲಸ ಮುಗಿಸಿದವನೇ ಅಕ್ಕನ ಮನೆಗೆ ನಡೆದ. ಭಾವ ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಕೂತು ಬೀಗದ ಕೈ ಉಜ್ಜುತ್ತಿದ್ದ. ಮೇಸ್ತ್ರಿ ಕರವಸ್ತ್ರ ಬಿಚ್ಚಿ ಸೋಪು ಚಾಚಿದ. ಭಾವ ಕನ್ನಡಕ ಏರಿಸಿಕೊಂಡು ನೋಡಿದ.

"ಈಗಲೂ ಉಳೀನ ಒತ್ತಿ ಹಿಡಿತೀಯ. ಎಷ್ಟು ಸಲ ಹೇಳಿಕೊಟ್ಟಿದ್ದೆ."

"ಎರಡೂ ಒಂದೇ ಆಗೋಗಿದೆ ಭಾವ. ಬರೀ ನಾಟಕ. ಹಳೇ ಯಜಮಾನ್ರು ಇದ್ದಿದ್ರೆ ಇಂಥ ಹೊಲಸು ನಡೀತಿತ್ತಾ? ಅವರ ಕಾಲದಲ್ಲಿ ಪೈಪೋಟಿ ನಿಜವಾಗಿ ಇತ್ತು."

ಭಾವನಿಗೆ ನಗು ಬಂತು. ಅದು ಒಳ್ಳೆಯ ನಗುವಲ್ಲ.

"ಅವತ್ತು ಲಕೋಟೇಲಿ ಇದ್ದದ್ದು ನಕ್ಷೆ ಅಲ್ಲ, ಕೆಲಸಕ್ಕೆ ಅರ್ಜಿ. ಅಲ್ಲಿ ಸಂಬಳ ಜಾಸ್ತಿ ಅಂದ್ರು, ಹೋದೆ. ಹೆಚ್ಚು ಕೊಡೋರಿಗೆ ಅವರು ಸೋಪು ಮಾರಿದ್ರೆ ವ್ಯಾಪಾರ, ನಾನು ನನ್ನ ಕೈಕೆಲಸ ಮಾರಿದ್ರೆ ಕಳ್ಳತನ. ಕೆಂಪಿನ ಯಜಮಾನ ಅರ್ಜಿ ಓದಿ, ನನ್ನೆದುರೇ ನಿಮ್ಮ ಯಜಮಾನಂಗೆ ಫೋನ್ ಮಾಡಿದ. ಒಬ್ಬರ ಕೆಲಸಗಾರನ್ನ ಇನ್ನೊಬ್ಬರು ತಗೋಬಾರದು ಅಂತ ಇಬ್ಬರಿಗೂ ಮೊದಲಿಂದ ಒಪ್ಪಂದ ಇತ್ತು. ಉಳಿದವರು ಅರ್ಜಿ ಬರೀದೇ ಇರಲಿ ಅಂತ ನನ್ನ ಫೋಟೋ ಅಂಟಿಸಿದ್ರು. ನೀನು ಓಡಿ ಹೋಗಿ ತಲುಪೋ ಮುಂಚೇನೇ ಅವರಿಗೆ ಎಲ್ಲಾ ಗೊತ್ತಿತ್ತು. ಸುಮ್ಮನೆ ಓಡಿದೆ ನೀನು."

ಮೇಸ್ತ್ರಿಗೆ ನಾಚಿಕೆಯಿಂದ ಮುಖ ಎಲ್ಲಿಡುವುದು ತಿಳಿಯಲಿಲ್ಲ. "ತಪ್ಪಾಯ್ತು ಭಾವ" ಎಂದ. ಹನ್ನೆರಡು ವರ್ಷಕ್ಕೆ ಮೊದಲ ಸಲ.

ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಅಕ್ಕ "ಒಳಗೆ ಬಾ" ಎಂದಳು. ಅವನು ಹೊಸ್ತಿಲು ದಾಟಿ ಗೋಡೆಗೆ ಒರಗಿ ಕೂತ. ಭಾವನೂ ಬಂದು ಕೂತ. ಅಕ್ಕ ಚಹಾ ಕಾಯಿಸಿ ಮೂರು ಲೋಟ ಸಾಲಾಗಿ ಇಟ್ಟಳು. ಮೊದಲೆರಡನ್ನು ತುಂಬಿ, ತಮ್ಮನ ಪಾಲಿನ ಮೂರನೆಯದಕ್ಕೆ ಹೊಯ್ಯುತ್ತ ಕೇಳಿದಳು.

"ಇದನ್ನೇ ಆಫೀಸಲ್ಲಿ ಹೇಳ್ತೀಯಾ? ನಾನು ಕಂಡದ್ದು ಲಕೋಟೆ ಮಾತ್ರ, ನಕ್ಷೆ ಅಲ್ಲ ಅಂತ ಬರೆದು ಕೊಡು. ಕಡತದಲ್ಲಿ ಇವರ ಹೆಸರಿನ ಮುಂದಿರೋ ಆ ಮಾತು ಅಳಿಸಲಿ. ಬೇರೇನೂ ಬೇಡ ನಮಗೆ."

ಮೇಸ್ತ್ರಿ ಕಾಲಬೆರಳು ನೋಡಿಕೊಂಡ.

"ಕೊಡ್ತೀನಿ ಅಕ್ಕ, ಖಂಡಿತ ಕೊಡ್ತೀನಿ. ಇನ್ನೆರಡು ವರ್ಷ ಸರ್ವಿಸ್ ಇದೆ. ರಿಟೈರ್ ಆದ ಮಾರನೇ ದಿನಾನೇ ಬರೆದು ಕೊಡ್ತೀನಿ."

ಮೂರನೆಯ ಲೋಟ ಅರ್ಧ ಆಗಿತ್ತು. ಅಕ್ಕ ಆ ಅರ್ಧವನ್ನು ಪಾತ್ರೆಗೆ ವಾಪಸ್ ಸುರಿದು, ಲೋಟವನ್ನು ತೊಳೆದು, ಗೂಡಿನಲ್ಲಿ ಬೋರಲು ಹಾಕಿದಳು.