ಇನ್ನಾಸಿಯ ಮುಡಿ

ಇನ್ನಾಸಿಯ ತಲೆ ತೊಳೆಯುವುದೆಂದರೆ ತಮಿಳುನಾಡಿನ ಕಡಲತೀರದ ತೋಪುವಲಸೈಯ ಇಡೀ ಓಣಿಗೆ ಗೊತ್ತಾಗುವ ಕೆಲಸ. ಅವನ ತಾಯಿ ಲೂರ್ದು ಸಿಹಿನೀರಿನ ಕೊಡ ಪಕ್ಕದಲ್ಲಿಟ್ಟುಕೊಂಡು, ಮಗನನ್ನು ಎರಡು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು ಕೂತಳೆಂದರೆ ಆಚೆಮನೆಯ ಕೋಳಿಗಳೂ ಜಾಗ ಖಾಲಿ ಮಾಡುತ್ತಿದ್ದವು. ಹುಡುಗನ ಕಿರುಚಾಟ ಹಾಗಿರುತ್ತಿತ್ತು. ಆರು ತುಂಬಿದ ಹುಡುಗ, ಸೊಂಟದವರೆಗೆ ಕೂದಲು. ಕಡಲಗಾಳಿಗೆ ಉಪ್ಪು ಹಿಡಿದು, ಮರಳು ಸೇರಿ, ಮೂಲೆಗೆಸೆದ ಹಳೇ ಬಲೆಯ ಹಾಗೆ ಗಂಟುಗಂಟಾಗಿತ್ತು. ಬಾಚಣಿಗೆ ಹತ್ತಿರ ತಂದರೆ ಕಚ್ಚುತ್ತಿದ್ದ.

"ಏ ಲೂರ್ದು, ಮಗನಿಗೆ ಸ್ನಾನ ಮಾಡಿಸ್ತಿದ್ದೀಯೋ, ಹಂದಿ ಕೊಯ್ತಿದ್ದೀಯೋ?" ಬೇಲಿಯಾಚೆಯಿಂದ ಪುಷ್ಪಂ ಕೇಳುತ್ತಿದ್ದಳು.

"ಬಂದು ಹಿಡ್ಕೋ ಬಾರೇ, ಗೊತ್ತಾಗುತ್ತೆ."

ಪುಷ್ಪಂ ಬಯ್ಯುತ್ತಲೇ ಬಂದು ಹಿಡಿದುಕೊಳ್ಳುತ್ತಿದ್ದಳು. ಅವಳ ಮುಂಗೈಯ ಮೇಲೆ ಇನ್ನಾಸಿಯ ಹಲ್ಲಿನ ಗುರುತು ಒಂದಲ್ಲ ಒಂದು ಇದ್ದೇ ಇರುತ್ತಿತ್ತು.

ಆ ಕೂದಲು ಹರಕೆಯದು. ಇನ್ನಾಸಿಯ ಓರಗೆಯ ಮಕ್ಕಳೆಲ್ಲ ಅಮ್ಮಾ ಅಪ್ಪಾ ಅನ್ನುತ್ತಿದ್ದಾಗ ಇವನು ಮಾತ್ರ ಯಾರ ಮುಖವನ್ನೂ ನೋಡದೆ, ನೀರಿನ ಮೇಲೆ ಬಿಸಿಲು ಕುಣಿಯುವುದನ್ನೇ ನೋಡುತ್ತಾ ಕೂತಿರುತ್ತಿದ್ದ. ಲೂರ್ದುವಿನ ಗಂಡ ಕೇರಳದ ಕಡೆ ದೊಡ್ಡ ಬೋಟುಗಳಲ್ಲಿ ದುಡಿಯುವವನು, ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಇವಳೊಬ್ಬಳೇ ಮಗುವನ್ನು ಎತ್ತಿಕೊಂಡು, ಓಣಿಯವರೆಲ್ಲ ಆಚಿ ಎನ್ನುವ ಮುದುಕಿ ಸೇಸಾಚಿಯ ದೋಣಿಯಲ್ಲಿ ಭೂಶಿರದ ತುದಿಯ ಸಂತ ಅಂತೋಣಿಯಾರ್ ಚರ್ಚಿಗೆ ಹೋದಳು. "ಈ ಮಗು ಬಾಯಿಬಿಟ್ಟು ನನ್ನ ಅಮ್ಮಾ ಅನ್ನೋವರೆಗೂ ಇವನ ತಲೆಗೆ ಕತ್ತರಿ ಮುಟ್ಟಿಸಲ್ಲ. ಅಂದ ದಿನ ಪೂರಾ ಮುಡಿ ನಿನಗೇ, ಅಪ್ಪಾ," ಎಂದು ಸಂತನ ಪಾದ ಮುಟ್ಟಿ ಹೇಳಿಬಂದಳು. ಕೂದಲು ಬೆಳೆದಷ್ಟೂ ಆ ಒಂದು ಮಾತು ಹತ್ತಿರ ಬರುತ್ತಿದೆ ಎಂದು ಅವಳಿಗೆ ಒಳಗೊಳಗೇ ಅನ್ನಿಸುತ್ತಿತ್ತು. ಒಂದೆಳೆ ಉದುರಿದರೂ ಆರಿಸಿ ಡಬ್ಬಿಗೆ ಹಾಕಿಡುತ್ತಿದ್ದಳು.

ಹರಕೆ ಹೊತ್ತು ಸುಮ್ಮನೆ ಕೂತವಳಲ್ಲ ಲೂರ್ದು. ಮಧುರೈಯ ಆಸ್ಪತ್ರೆಗೂ ಹೋದಳು. ಅಲ್ಲಿನ ಡಾಕ್ಟರು ಒಳ್ಳೆಯವರೇ. ಮಗುವಿಗೆ ಆಟಿಸಂ ಇದೆ, ಕಾಯಿಲೆ ಅಂತ ಹೆದರಬೇಡಿ, ವಾರವಾರ ಕರೆದುಕೊಂಡು ಬನ್ನಿ ಎಂದರು. ವಾರವಾರ! ಮೂರು ಬಸ್ಸು ಬದಲಿಸಿ, ಬಸ್ಸಿನ ಹಾರ್ನಿಗೆ ಕಿವಿ ಮುಚ್ಚಿಕೊಂಡು ಒದ್ದಾಡುವ ಮಗುವನ್ನು ಎದೆಗೆ ಒತ್ತಿಕೊಂಡು, "ಮಗೂನ ಸುಮ್ಮನಿರಿಸಮ್ಮಾ, ಎಂಥ ತಾಯಿ ನೀನು" ಎಂದು ಕಂಡವರಿಂದ ಅನ್ನಿಸಿಕೊಂಡು. ಸ್ವಲ್ಪ ಕಾಲ ಹೋದಳು, ಆಮೇಲೆ ಕೈಬಿಟ್ಟಳು.

ಪಕ್ಕದೂರಿನಲ್ಲಿ ಮೀನು ಮಾರಿ ಬಂದ ಪುಷ್ಪಂ ಒಂದು ದಿನ ಬುಟ್ಟಿಯನ್ನು ಕೂಡ ಇಳಿಸದೆ ಹೇಳಿದಳು: "ಮಧುರೈ ಮಧುರೈ ಅಂತ ಸಾಯ್ತಿದ್ದೆಯಲ್ಲೇ, ಈ ಪಕ್ಕದೂರಿನ ಸ್ಕೂಲಲ್ಲೇ ಇಂಥ ಮಕ್ಕಳಿಗೆ ಅಂತ ಒಂದು ರೂಮಿದೆ ಕಣೇ. ಬುಧವಾರ ಬುಧವಾರ ಒಬ್ಬ ಟೀಚರಮ್ಮ ಬರ್ತಾಳೆ. ಒಳಗಿಂದ ಮಕ್ಕಳು ಕಿರುಚೋದು ಕೇಳ್ತು. ನಮ್ಮ ಇನ್ನಾಸೀದೇ ದನಿ ಅಂದ್ಕೊಂಡೆ, ನೋಡಿದ್ರೆ ಬೇರೆ!"

ಬೇರೆ ಮಕ್ಕಳೂ ಹಾಗೆ ಕಿರುಚುತ್ತವೆ ಎಂಬುದೇ ಲೂರ್ದುವಿಗೆ ಹೊಸ ವಿಷಯ. ಆ ಬುಧವಾರವೇ ನಡೆದು ಹೋದಳು.

ರೂಮೆಂದರೆ ಹಳೇ ಉಗ್ರಾಣ. ತೊಲೆಗೆ ಸೀರೆ ಕಟ್ಟಿ ಮಾಡಿದ ಜೋಲಿ, ತಟ್ಟೆಗಳಲ್ಲಿ ಅಕ್ಕಿ, ಮರಳು, ಹುಣಸೆಬೀಜ. ರಹಮತ್ ಟೀಚರ್ ತಲೆಯ ಮೇಲಿನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲದ ಮೇಲೆ ಮಕ್ಕಳ ಮಧ್ಯೆ ಕೂತಿದ್ದಳು. ಯಾಕೆ ಬಂದೆ, ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಲಿಲ್ಲ. "ಊಟ ಆಯ್ತಾಮ್ಮಾ?" ಎಂದಳು. ಗೋಡೆಗೊರಗಿ ಕೂತಿದ್ದ ತಾಯಂದಿರು ಜರುಗಿ ಜಾಗ ಕೊಟ್ಟರು. ಇನ್ನಾಸಿ ಮೂಲೆಯಲ್ಲಿ ನಿಂತು ಕಿರುಚಿದಾಗ ಅವರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಅದೊಂದಕ್ಕೇ ಲೂರ್ದುವಿಗೆ ಅಳು ಬಂತು.

ಕೆಲವು ಬುಧವಾರ ಚೆನ್ನಾಗಿಯೇ ನಡೆಯಿತು. ಜೋಲಿಯಲ್ಲಿ ತೂಗಿದರೆ ಇನ್ನಾಸಿ ಸುಮ್ಮನಾಗುತ್ತಿದ್ದ. ಆದರೆ ಕೂರಿಸಿ ಏನಾದರೂ ಕೈಗೆ ಕೊಟ್ಟರೆ ಎರಡೂ ಕೈಯಲ್ಲಿ ತಲೆ ಕೆರೆದುಕೊಂಡು, ಗೋಡೆಗೆ ಬಡಿದುಕೊಳ್ಳುತ್ತಿದ್ದ. ಒಂದು ದಿನ ಅವನು ಜೋಲಿಯಲ್ಲಿ ನಿದ್ದೆ ಹೋಗಿದ್ದಾಗ ಟೀಚರು ಮೆಲ್ಲಗೆ ಗಂಟುಗಳನ್ನು ಬಿಡಿಸಿ ನೋಡಿದಳು. ಬುಡದಲ್ಲೆಲ್ಲ ಕೆಂಪು ಹುಣ್ಣು. ಕೆಲವು ಕಡೆ ಕೀವು.

"ಲೂರ್ದು, ಬನ್ನಿ ಇಲ್ಲಿ. ಈ ಮಗು ತಲೆ ಹೀಗೆ ಉರೀತಿದ್ರೆ ಏನು ಕಲಿಯುತ್ತೆ, ಹೇಳಿ. ನಮ್ಮ ತಲೇಲಿ ಒಂದು ಹೇನಿದ್ರೆ ನಮಗೆ ನಿದ್ದೆ ಬರಲ್ಲ. ಈ ಕೂದಲು ತೆಗೆಸಬೇಕು."

"ಅದು ಆಗಲ್ಲ ಟೀಚರಮ್ಮ. ಹರಕೆ."

"ಯಾವಾಗ ಮುಗಿಯುತ್ತೆ ಹರಕೆ?"

"ಬಾಯಲ್ಲಿ ಅಮ್ಮಾ ಅಂದಾಗ."

ಟೀಚರು ಕೈಯಲ್ಲಿದ್ದ ಕೂದಲನ್ನು ಮೆಲ್ಲಗೆ ಕೆಳಗೆ ಬಿಟ್ಟಳು. ಆಮೇಲೆ ಸುಳ್ಳು ಹೇಳಲು ಬಾರದ ಹೆಂಗಸು ನಿಧಾನವಾಗಿ ಅಂದಳು: "ಅನ್ನಬಹುದು. ಅನ್ನದೆಯೂ ಇರಬಹುದು. ಕೆಲವು ಮಕ್ಕಳಿಗೆ ಬಾಯಲ್ಲಿ ಬರೋದೇ ಇಲ್ಲ. ಬೇರೆ ದಾರೀಲಿ ಹೇಳ್ತವೆ."

ಲೂರ್ದು ನಿದ್ದೆಯಲ್ಲಿದ್ದ ಮಗನನ್ನು ಹಾಗೇ ಹೆಗಲಿಗೆ ಹಾಕಿಕೊಂಡು ಹೊರಟಳು. ಅಷ್ಟು ವರ್ಷ ಬೆಳೆಸಿದ್ದನ್ನು ಕತ್ತರಿಸಿ ಎಸೆದರೆ ಆ ಮಾತಿನ ಬೇರನ್ನೇ ಕಿತ್ತ ಹಾಗೆ. ನಾಳೆ ಸಂತನ ಮುಂದೆ ಯಾವ ಮುಖ ಇಟ್ಟುಕೊಂಡು ಬೇಡುವುದು? ಮುಂದಿನ ಬುಧವಾರ ಅವಳು ಹೋಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ನೀರಿಳಿಯುವ ದಿನಗಳು ಬಂದವು. ಆಗ ಓಣಿಯ ಹೆಂಗಸರೆಲ್ಲ ಸೇಸಾಚಿಯ ದೋಣಿ ಹತ್ತಿ ಎದುರಿನ ದ್ವೀಪದ ಕಡೆ ಮಾರಾಟದ ಕಡಲಪಾಚಿ ಕೀಳಲು ಹೋಗುತ್ತಾರೆ. ಬೆರಳಿಗೆಲ್ಲ ಬಟ್ಟೆ ಸುತ್ತಿ, ಕಣ್ಣಿಗೆ ನೀರಿನ ಕನ್ನಡಕ ಕಟ್ಟಿ, ಉಸಿರು ಹಿಡಿದು ಮುಳುಗಿ, ಬಂಡೆಗಂಟಿದ ಪಾಚಿಯನ್ನು ಕಿತ್ತು ಸೊಂಟದ ಚೀಲಕ್ಕೆ ತುಂಬುವ ಕೆಲಸ. ದಡಕ್ಕೆ ಬಂದಮೇಲೆ ಎಲ್ಲರ ಚೀಲವನ್ನೂ ಒಂದೇ ರಾಶಿಗೆ ಸುರಿದು ಸೇಸಾಚಿ ಪಾಲು ಹಾಕುತ್ತಾಳೆ. ಬಸುರಿಯೆಂದು ಮನೆಯಲ್ಲಿ ಉಳಿದವಳಿಗೂ ಪಾಲು, ಜ್ವರ ಬಂದವಳಿಗೂ ಪಾಲು. ಅದು ಆ ದೋಣಿಯ ಕಟ್ಟಳೆ.

ಸಣ್ಣ ಮಕ್ಕಳನ್ನು ದಡದಲ್ಲಿ ಬಿಟ್ಟು ಹೋಗುವ ತಾಯಂದಿರು ಮಗುವಿನ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆಳೆದ ಹಳೇ ದೋಣಿಗೆ ಬಿಗಿಯುತ್ತಾರೆ. ನೀರಿಗೆ ಹೋಗಬಾರದಲ್ಲ. ಬೇರೆ ಮಕ್ಕಳು ನಡೆಯಲು ಕಲಿತು ಮಾತು ತಿಳಿಯುತ್ತಲೇ ಆ ಹಗ್ಗದಿಂದ ಬಿಡುಗಡೆಯಾಗುತ್ತಿದ್ದರು. ಇನ್ನಾಸಿ ಆರು ವರ್ಷವಾದರೂ ಹಗ್ಗದಲ್ಲೇ ಇದ್ದ. ಅದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ, ಲೂರ್ದುವಿಗೂ.

ಅವತ್ತು ದೋಣಿ ವಾಪಸು ಬಂದಾಗ ರಹಮತ್ ಟೀಚರು ಚಪ್ಪಲಿ ಕೈಯಲ್ಲಿ ಹಿಡಿದು, ಇನ್ನಾಸಿಯ ಪಕ್ಕ ಮರಳಲ್ಲಿ ಕೂತಿದ್ದಳು. ಅವನು ಮರಳನ್ನು ಬೊಗಸೆಯಲ್ಲಿ ಎತ್ತಿ ಸುರಿಯುತ್ತಿದ್ದ, ಅವಳೂ ಎತ್ತಿ ಸುರಿಯುತ್ತಿದ್ದಳು. ಹಗ್ಗವನ್ನು ಅವಳು ನೋಡಿದ್ದಳು. ಅದರ ಬಗ್ಗೆ ಏನೂ ಅನ್ನಲಿಲ್ಲ. ಅದು ಲೂರ್ದುವಿಗೆ ಬಯ್ಗುಳಕ್ಕಿಂತ ಹೆಚ್ಚು ಚುಚ್ಚಿತು.

"ಯಾಕೆ ಬಂದ್ರಿ ಟೀಚರಮ್ಮ, ಇಷ್ಟು ದೂರ?"

"ನೀವು ಬರ್ಲಿಲ್ಲ, ನಾನು ಬಂದೆ."

"ಕತ್ತರಿ ತಂದಿದ್ದೀರಾ ಚೀಲದಲ್ಲಿ?"

"ಇಲ್ಲಮ್ಮಾ. ಹುಣ್ಣಿಗೆ ಮುಲಾಮು ತಂದಿದ್ದೀನಿ. ಹರಕೆ ಮುರೀರಿ ಅನ್ನೋಕೆ ನಾನ್ಯಾರು? ನಮ್ಮಮ್ಮನೂ ದರ್ಗಾಕ್ಕೆ ಹರಕೆ ಹೊತ್ತೇ ನನ್ನ ಹೆತ್ತಿದ್ದು."

ಹೆಂಗಸರು ರಾಶಿಯ ಸುತ್ತ ಕೂತಿದ್ದರು. ಕಪ್ಪು ಹಲ್ಲಿನ ಸೇಸಾಚಿ ಬಾಯಿಯ ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ ಕೇಳಿದಳು: "ಏನದು ಕತ್ತರಿ, ಮುಲಾಮು? ನನಗೂ ಹೇಳ್ರೇ."

ಟೀಚರು ಇನ್ನಾಸಿಯ ಕೂದಲನ್ನು ಒಂದಿಷ್ಟೇ ಎತ್ತಿ ತೋರಿಸಿದಳು. ಹುಡುಗ ಚೀರಿ ಕೈ ಕೊಡವಿದ. ಅಷ್ಟರಲ್ಲಿ ನೋಡಬೇಕಾದ್ದನ್ನು ಎಲ್ಲರೂ ನೋಡಿದರು. ಮುದುಕಿ ಪಾಲು ಹಾಕುತ್ತಿದ್ದ ಕೈಯನ್ನು ನಿಲ್ಲಿಸಿದಳು.

"ಯಾರೇ ನಿನಗೆ ಇಷ್ಟು ದೊಡ್ಡ ಹರಕೇನ ಒಬ್ಬಳೇ ಹೊರೋಕೆ ಹೇಳಿದ್ದು?"

"ಮಗ ನಂದಲ್ವಾ ಆಚೀ?"

"ದೋಣಿ ಯಾರದ್ದು? ಅವತ್ತು ಚರ್ಚಿಗೆ ಕರ್ಕೊಂಡು ಹೋದೋಳು ಯಾರು, ನಿಮ್ಮತ್ತೆಯಾ? ನನ್ನ ದೋಣೀಲಿ ಹೋಗಿ ಹೊತ್ತ ಹರಕೆ ಈ ದೋಣೀದು. ತಗೊಂಡು ಬಾ, ಪಾಲು ಹಾಕ್ತೀನಿ."

"ಹರಕೆ ಅಂದ್ರೆ ಪಾಚಿನಾ ಆಚೀ, ಪಾಲು ಹಾಕೋಕೆ!"

"ಯಾಕಾಗಬಾರದು? ಈ ಪುಷ್ಪಂ ಗಂಡ ಸತ್ತಾಗ ಅವಳ ಅಳುವನ್ನೇ ಪಾಲು ಹಾಕ್ಕೊಂಡಿದ್ವಲ್ಲೇ, ದಿನಕ್ಕೊಬ್ಬಳು ಹೋಗಿ ಅವಳ ಜತೆ ಮಲಗ್ಲಿಲ್ವಾ? ಕೇಳು. ಮಗುವಿನ ಮುಡಿ ಈಗಲೇ ಅಂತೋಣಿಯಾರ್‌ಗೆ ಕೊಟ್ಟುಬಿಡೋಣ. ಮಗು ಮೇಲಿನ ಭಾರ ಇಳೀಲಿ. ಉಳಿದದ್ದು ನಾವು ಹೊರ್ತೀವಿ. ಇವನು ಅಮ್ಮನ್ನ ಕರೆಯೋವರೆಗೂ ನಾನು ಎಲೆಯಡಿಕೆ ಮುಟ್ಟಲ್ಲ."

ಎಂದವಳೇ ಬಾಯಲ್ಲಿದ್ದುದನ್ನು ಪಕ್ಕಕ್ಕೆ ಉಗಿದಳು. ಸೇಸಾಚಿ ಎಲೆಯಡಿಕೆ ಬಿಡುವುದೆಂದರೆ ಸಣ್ಣ ಮಾತಲ್ಲ.

ಒಬ್ಬಳು ಮಲ್ಲಿಗೆ ಬಿಟ್ಟೆನೆಂದಳು. ಒಬ್ಬಳು ಟೀ ಬಿಟ್ಟಳು. "ನಾನು ಬಯ್ಯೋದು ಬಿಡ್ತೀನಿ," ಎಂದಳು ಪುಷ್ಪಂ.

"ಅಯ್ಯೋ, ನಿನ್ನ ಪಾಲು ನಿಲ್ಲೋದಿಲ್ಲ ಕಣೇ, ಸಂಜೆ ಒಳಗೆ ಮುರೀತೀಯ."

"ಯಾವಳೇ ಹಾಗನ್ನೋಳು, ಮೂಳಿ..." ಎಂದು ಪುಷ್ಪಂ ನಾಲಿಗೆ ಕಚ್ಚಿಕೊಂಡಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೊನೆಗೆ ಅವಳು ಬಯ್ಗುಳದ ಜತೆಗೆ ಒಣಮೀನನ್ನೂ ಬಿಟ್ಟಳು.

ಲೂರ್ದು ಮಾತ್ರ ನಗಲಿಲ್ಲ. "ನಾನು ಬಾಯಿಬಿಟ್ಟು ಅಂತ ಹೇಳಿದ್ದೆ ಆಚೀ. ಟೀಚರಮ್ಮ ಹೇಳ್ತಾರೆ, ಬಾಯಲ್ಲಿ ಬರದೇ ಹೋದ್ರೂ ಹೋಗಬಹುದು ಅಂತ." ಆ ಮಾತನ್ನು ಅವಳು ಗಟ್ಟಿಯಾಗಿ ಆಡಿದ್ದು ಅದೇ ಮೊದಲು.

ಮುದುಕಿ ಅವಳ ಒದ್ದೆ ಕೈ ಹಿಡಿದುಕೊಂಡಳು. "ನೀರಿನ ಒಳಗೆ ನಾನು ನಿನಗೆ ಹೇಗೆ ಹೇಳ್ತೀನೇ, ಆ ಕಡೆ ಮುಳ್ಳುಮೀನು ಇದೆ, ಈ ಕಡೆ ಬಾ ಅಂತ? ಬಾಯಲ್ಲಾ? ಕೈ ಹಿಡಿದು ಎಳೀತೀನಿ. ನಿನಗೆ ತಿಳಿಯಲ್ವಾ? ನಾವು ಹೊರೋ ಹರಕೇಲಿ ಬಾಯಿ ಅನ್ನೋ ಮಾತೇ ಬೇಡ. ಕರೆದ್ರೆ ಸಾಕು, ಹೇಗಾದ್ರೂ ಕರೀಲಿ."

ಆಮೇಲೆ ಟೀಚರ ಕಡೆ ತಿರುಗಿದಳು. "ನಾಳೆಯಿಂದ ದಿನಕ್ಕೊಬ್ಬಳು ದಡದಲ್ಲಿ ಉಳೀತಾಳೆ, ಇವನ ಜತೆ, ಮಿಕ್ಕ ಮಕ್ಕಳ ಜತೆ. ಅವಳ ಪಾಲು ಅವಳಿಗೆ ಬರುತ್ತೆ. ಹಗ್ಗ ಬೇಡ. ಏನು ಆಡಿಸ್ಬೇಕು ಅಂತ ನೀನು ನಮಗೆ ಕಲಿಸು ಮಗಳೇ. ನಮಗೆ ತಿಳೀದು."

ಟೀಚರು ತಲೆಯಾಡಿಸಿದಳು.

ಕತ್ತರಿಸುವ ಕೆಲಸ ಒಂದೇ ದಿನಕ್ಕೆ ಆಗುವಂಥದ್ದಲ್ಲ ಎಂದು ಟೀಚರು ಹೇಳಿದಳು. ಮೊದಲು ಕೆಲವು ದಿನ ಒದ್ದೆ ಬಟ್ಟೆ ಮಾತ್ರ, ತಲೆಯ ಮೇಲೆ. ಆಮೇಲೆ ಕತ್ತರಿಯನ್ನು ಅವನ ಕೈಗೇ ಕೊಟ್ಟು ಬಾಳೆನಾರು ಕತ್ತರಿಸಲು ಬಿಟ್ಟಳು. ಆಮೇಲೆ ದಡದಲ್ಲಿ ಉಳಿದವಳು ದಿನಕ್ಕೊಂದು ಗಂಟು ಕತ್ತರಿಸಬೇಕು, ಅದೂ ಅವನು ಮರಳು ಸುರಿಯುವುದರಲ್ಲಿ ಮುಳುಗಿದ್ದಾಗ. ಅವನು ಕೈ ಕೊಡವಿದರೆ ಅಲ್ಲಿಗೆ ನಿಲ್ಲಿಸಬೇಕು. ಹಾಗಾಗಿ ಎಷ್ಟೋ ದಿನ ಇನ್ನಾಸಿಯ ತಲೆಯಲ್ಲಿ ಒಂದು ಕಡೆ ಕಾಡು, ಒಂದು ಕಡೆ ಬಯಲು. ಓಣಿಯ ಗಂಡಸರು ನಕ್ಕರೆ ಪುಷ್ಪಂ ಬಾಯಿಗೆ ಸೆರಗು ಒತ್ತಿಕೊಂಡು ಕಣ್ಣಲ್ಲೇ ಸುಟ್ಟುಬಿಡುತ್ತಿದ್ದಳು. ಕತ್ತರಿಸಿದ್ದೆಲ್ಲ ಸಂತನಿಗೆಂದು ಸೇಸಾಚಿಯ ಬುಟ್ಟಿಯಲ್ಲಿ ಸೇರುತ್ತಿತ್ತು. ಹುಣ್ಣು ಒಂದೊಂದಾಗಿ ಒಣಗಿತು.

ಕೊನೆಯ ಎರಡು ಗಂಟು, ಕಿವಿಯ ಹಿಂದಿನವು, ಉಳಿದವು. "ಅದು ನಿನ್ನ ಪಾಲು," ಎಂದು ಸೇಸಾಚಿ ಲೂರ್ದುವಿನ ಕೈಗೆ ಕತ್ತರಿ ಕೊಟ್ಟಳು.

ಲೂರ್ದು ಮಗನ ಹಿಂದೆ ಕೂತಳು. ದೋಣಿ ನೀರಿಗಿಳಿದು ನಿಂತಿತ್ತು, ಹೆಂಗಸರು ಹತ್ತಿ ಕೂತಿದ್ದರು. ಒಂದು ಗಂಟು ಕತ್ತರಿಸಿದಳು. ಇನ್ನೊಂದಕ್ಕೆ ಕೈ ಬರಲಿಲ್ಲ. ಅಂತೋಣಿಯಾರಪ್ಪಾ, ಎಂದಳು. ಕಣ್ಣು ಮುಚ್ಚದೆ, ಉಸಿರು ಹಿಡಿದು, ನೀರಿಗೆ ಮುಳುಗುವ ಹಾಗೆ ಕತ್ತರಿಸಿಬಿಟ್ಟಳು.

ಗಾಳಿ ಬೀಸಿತು. ಬರಿದಾದ ಕುತ್ತಿಗೆಗೆ ಗಾಳಿ ತಗಲಿ ಇನ್ನಾಸಿ ಸುರಿಯುತ್ತಿದ್ದ ಮರಳನ್ನು ಹಾಗೇ ಹಿಡಿದು ಕೂತ. ಕಿರುಚುತ್ತಾನೆಂದು ಲೂರ್ದು ಕಾದಳು. ಅವನು ಕಿರುಚಲಿಲ್ಲ. ಮರಳು ಬಿಟ್ಟು, ತಿರುಗದೆಯೇ, ಹಿಂದಕ್ಕೆ ಕೈ ಚಾಚಿ ತಡಕಾಡಿದ. ಬಟ್ಟೆ ಸುತ್ತಿದ ಅವಳ ಬೆರಳು ಸಿಕ್ಕಿದವು. ಆ ಕೈಯನ್ನು ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡ. ಅವಳು ಸುಮ್ಮನಿದ್ದುದಕ್ಕೆ, ಮತ್ತೆ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆದ. ಸವರು ಎಂದು.

ಬೆರಳಿನ ಬಟ್ಟೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ ಹಾಕಿ ಲೂರ್ದು ಬರಿಗೈಯಲ್ಲಿ ಸವರಿದಳು. ಹುಟ್ಟಿದಾಗ ಸವರಿದ್ದ ತಲೆ. ಕೈ ನಿಂತರೆ ಹುಡುಗ ಮತ್ತೆ ಎಳೆಯುತ್ತಿದ್ದ.

ದೋಣಿಯಲ್ಲಿ ಪುಷ್ಪಂ ಮೆಲ್ಲಗೆ ಕೇಳಿದಳು, "ಆಚೀ, ಇದು ಕರೆದ ಹಾಗಾಯ್ತಾ, ಇಲ್ವಾ?"

"ನನ್ನ ಕೇಳ್ಬೇಡ. ಅವಳು ಹೇಳ್ಲಿ."

ನೀರು ಇಳಿಯುತ್ತಲೇ ಇತ್ತು. ತಡವಾದರೆ ಒಳ್ಳೆಯ ಬಂಡೆಗಳು ಬೇರೆ ದೋಣಿಯವರ ಪಾಲಾಗುತ್ತವೆ. ಆದರೂ ದೋಣಿಯಿಂದ ಯಾರೂ ಲೂರ್ದುವನ್ನು ಕೂಗಲಿಲ್ಲ. ಮುದುಕಿ ಹುಟ್ಟನ್ನು ಅಡ್ಡವಿಟ್ಟು, ಖಾಲಿ ಬಾಯಿಯನ್ನು ಸುಮ್ಮನೆ ಮೆಲ್ಲುತ್ತಾ ಕೂತಳು.